ಹಾಲಿಳಿಸುವ ಹಾರ್ಮೋನು

ಹಸುವನ್ನು ಕರೆಯುವ ಮುನ್ನ ಕರುವನ್ನು ಬಿಡಬೇಕೆಂಬುದು ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೂ ತಿಳಿದ ಮಾತು. ಕರು ಓಡಿ ಬಂದು, ಮೂತಿಯಿಂದ ಕೆಚ್ಚಲನ್ನು ಗುದ್ದಿ, ನಾಲ್ಕು ಗುಟುಕು ಕುಡಿದ ಮೇಲೆ ಅದನ್ನು ಎಳೆದು ತಾಯಿಯ ಮುಂದೆ ಕಟ್ಟುತ್ತಾರೆ. ತಾಯಿ ಅದರ ಮೈಯನ್ನು ನೆಕ್ಕುತ್ತಾ ನಿಂತಿರುವಾಗ ಇತ್ತ ಚೊಂಬಿನಲ್ಲಿ ನೊರೆಹಾಲು ಏರುತ್ತದೆ. ಕರುವನ್ನು ಬಿಡದೆ ಕರೆಯಲು ಕುಳಿತರೆ ಅದೇ ಹಸು, ಅದೇ ಕೆಚ್ಚಲು, ಅದೇ ಕೈ. ಆದರೂ ಚೊಂಬಿನ ತಳ ಮುಚ್ಚುವಷ್ಟು ಹಾಲು ಬಂದರೆ ಹೆಚ್ಚು. ಕೆಚ್ಚಲಲ್ಲಿ ಇರುವ ಹಾಲು ಆಗ ಏಕೆ ಬರಲೊಲ್ಲದು? ಕರುವನ್ನು ಕಂಡ ಮಾತ್ರಕ್ಕೆ ಹೇಗೆ ಬರುತ್ತದೆ? ಈ ಸಣ್ಣ ಪ್ರಶ್ನೆಯನ್ನು ಹಿಡಿದು ಹೊರಟರೆ ನಮ್ಮ ದೇಹದೊಳಗಿನ ಒಂದು ದೊಡ್ಡ ವ್ಯವಸ್ಥೆಯ ಪರಿಚಯವಾಗುತ್ತದೆ. ಅದೇ ನಿರ್ನಾಳ ಗ್ರಂಥಿಗಳ ವ್ಯವಸ್ಥೆ.

ಕಲಾ ವಿಭಾಗದ ವಿದ್ಯಾರ್ಥಿನಿಯಾದ ನಾನು ಶರೀರಶಾಸ್ತ್ರದ ವಿಷಯವನ್ನು ಎತ್ತಿಕೊಂಡದ್ದೇಕೆಂದು ವಾಚಕರು ಕೇಳಬಹುದು. ನನ್ನ ಊರು ಕೊಡಿಗೇಹಳ್ಳಿ. ಬೆಂಗಳೂರು ಬೆಳೆಯುತ್ತ ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿದ್ದರೂ, ಹೆಸರಿನಲ್ಲಿ ಹಳ್ಳಿ ಉಳಿದಿರುವಂತೆಯೇ ಕೆಲವು ಮನೆಗಳ ಹಿತ್ತಲಲ್ಲಿ ಹಸುಗಳೂ ಉಳಿದಿವೆ. ಹತ್ತಿರದ ಹೆಬ್ಬಾಳದಲ್ಲಿ ೧೯೫೮ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಇದೆ. ಯಲಹಂಕದಲ್ಲಿ ಮದರ್ ಡೈರಿ ಇದೆ. ಯಶವಂತಪುರವನ್ನು ದಾಟಿ ಪೀಣ್ಯಕ್ಕೆ ಹೋದರೆ ಅಲ್ಲೊಂದು ಔಷಧದ ಕಾರ್ಖಾನೆ ಇದೆ. ನಾನು ಹೇಳಹೊರಟಿರುವ ಹಾರ್ಮೋನಿನ ಕಥೆ ಹಿತ್ತಲಿನ ಕೊಟ್ಟಿಗೆಯಲ್ಲಿ ಮೊದಲಾಗಿ ಆ ಕಾರ್ಖಾನೆಯವರೆಗೂ ಹೋಗುತ್ತದೆ. ನಮ್ಮ ಮನೆಯೊಳಗೂ ಅದು ಒಮ್ಮೆ ಬಂದುಹೋಗಿದೆ.

ದೇಹದ ಒಂದು ಭಾಗ ಇನ್ನೊಂದು ಭಾಗಕ್ಕೆ ಸುದ್ದಿ ಮುಟ್ಟಿಸಲು ಎರಡು ದಾರಿಗಳಿವೆ. ಒಂದು ನರಗಳ ದಾರಿ. ಇದು ಒಂದೇ ಮನೆಗೆ ಆಳನ್ನು ಅಟ್ಟಿದಂತೆ. ಸುದ್ದಿ ಬೇಗ ಹೋಗುತ್ತದೆ, ಗೊತ್ತಾದ ಜಾಗಕ್ಕೇ ಹೋಗುತ್ತದೆ. ಮತ್ತೊಂದು ರಕ್ತದ ದಾರಿ. ಇದು ಊರಿನಲ್ಲಿ ಡಂಗುರ ಸಾರಿದಂತೆ. ತಮಟೆಯ ಸದ್ದು ಎಲ್ಲ ಬೀದಿಗಳಲ್ಲೂ ಕೇಳುತ್ತದೆ. ಆದರೆ "ಕಂದಾಯ ಕಟ್ಟದವರು ನಾಳೆ ಚಾವಡಿಗೆ ಬರತಕ್ಕದ್ದು" ಎಂದು ಸಾರಿದರೆ ಕಂದಾಯ ಬಾಕಿ ಇರುವವನು ಮಾತ್ರ ಎದ್ದು ಹೊರಡುತ್ತಾನೆ, ಮಿಕ್ಕವರು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ರಕ್ತದಲ್ಲಿ ಹೀಗೆ ಸಾರಿಕೊಂಡು ಹೋಗುವ ರಾಸಾಯನಿಕ ವಸ್ತುವೇ ಹಾರ್ಮೋನು. ಜೊಲ್ಲಿನ ಗ್ರಂಥಿಗೂ ಬೆವರಿನ ಗ್ರಂಥಿಗೂ ತಮ್ಮ ರಸವನ್ನು ಹೊರಬಿಡಲು ನಾಳಗಳುಂಟು. ಹಾರ್ಮೋನುಗಳನ್ನು ತಯಾರಿಸುವ ಗ್ರಂಥಿಗಳಿಗೆ ಅಂಥ ನಾಳವಿಲ್ಲ. ಅವು ನೇರವಾಗಿ ರಕ್ತಕ್ಕೇ ರಸವನ್ನು ಬಿಡುತ್ತವೆ. ಆದುದರಿಂದಲೇ ಅವುಗಳಿಗೆ ನಿರ್ನಾಳ ಗ್ರಂಥಿಗಳೆಂದು ಹೆಸರು.

ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು ೧೯೦೨ರಲ್ಲಿ ಇಂಥ ಒಂದು ದೂತರಸವನ್ನು ಕರುಳಿನಲ್ಲಿ ಕಂಡುಹಿಡಿದರು. ಕೆರಳಿಸು, ಪ್ರಚೋದಿಸು ಎಂಬ ಅರ್ಥದ ಗ್ರೀಕ್ ಮಾತಿನಿಂದ ೧೯೦೫ರಲ್ಲಿ ಸ್ಟಾರ್ಲಿಂಗ್ "ಹಾರ್ಮೋನ್" ಎಂಬ ಹೆಸರನ್ನು ಬಳಕೆಗೆ ತಂದನು. ಅಲ್ಲಿಂದೀಚೆಗೆ ಒಂದೊಂದಾಗಿ ಅನೇಕ ಹಾರ್ಮೋನುಗಳು ಬೆಳಕಿಗೆ ಬಂದವು. ಕೊರಳಿನ ಥೈರಾಯ್ಡ್ ಗ್ರಂಥಿಯ ಹಾರ್ಮೋನು ದೇಹದ ಉರಿಯನ್ನು ಹೆಚ್ಚು ಕಡಿಮೆ ಮಾಡುತ್ತದೆ. ಮೇದೋಜೀರಕ ಗ್ರಂಥಿಯ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಭಯವಾದಾಗ ಅಡ್ರಿನಲಿನ್ ಅನ್ನು ಸುರಿಸಿ ಎದೆಬಡಿತವನ್ನು ಏರಿಸುತ್ತವೆ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿ ಜೋತುಬಿದ್ದಿದೆ. ಅದರ ಹಲವು ಹಾರ್ಮೋನುಗಳು ಬೇರೆ ಗ್ರಂಥಿಗಳಿಗೂ ಅಪ್ಪಣೆ ಕೊಡುತ್ತವೆ.

ಇವೆಲ್ಲಕ್ಕೂ ಸಾಮಾನ್ಯವಾದ ಮೂರು ನಿಯಮಗಳನ್ನು ನೆನಪಿಟ್ಟರೆ ಮುಂದಿನದೆಲ್ಲ ಸುಲಭ. ಮೊದಲನೆಯದು, ಹಾರ್ಮೋನು ಬಹಳ ಅಲ್ಪ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ. ಎರಡನೆಯದು, ಅದನ್ನು ಗುರುತಿಸಬಲ್ಲ ಗ್ರಾಹಕಗಳು ಯಾವ ಜೀವಕೋಶದಲ್ಲಿವೆಯೋ ಆ ಜೀವಕೋಶ ಮಾತ್ರ ಅದಕ್ಕೆ ಓಗೊಡುತ್ತದೆ. ಬೀಗಕ್ಕೆ ತಕ್ಕ ಕೀಲಿಕೈ ಇದ್ದಂತೆ. ಮೂರನೆಯದು, ಕೆಲಸವಾದ ಮೇಲೆ ಅದು ನಿಲ್ಲಬೇಕು. ಕೆರೆಯ ನೀರುಗಂಟಿ ಗದ್ದೆಗೆ ಸಾಕಷ್ಟು ನೀರು ಹರಿದದ್ದನ್ನು ನೋಡಿ ತೂಬನ್ನು ಮುಚ್ಚುವಂತೆ, ರಕ್ತದಲ್ಲಿ ಹಾರ್ಮೋನು ಸಾಕಷ್ಟಾದಾಗ ಗ್ರಂಥಿ ತಾನಾಗಿ ಕೈ ತಡೆಯುತ್ತದೆ. ಬಿಟ್ಟ ಹಾರ್ಮೋನನ್ನು ದೇಹವೇ ಒಡೆದು ಹಾಕುತ್ತದೆ.

ಈಗ ಕೊಟ್ಟಿಗೆಗೆ ಬರೋಣ. ಕೆಚ್ಚಲು ಹಾಲು ತುಂಬಿದ ಚೀಲವೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ದ್ರಾಕ್ಷಿ ಗೊಂಚಲುಗಳ ತೋಟದಂತಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳ ಗೋಡೆಯಲ್ಲಿ ಹಾಲು ಹುಟ್ಟುತ್ತದೆ. ಗುಳ್ಳೆಗಳಿಂದ ಸಣ್ಣ ಕಾಲುವೆಗಳು ಹೊರಟು, ಕೂಡಿ ದೊಡ್ಡವಾಗಿ, ತೊಟ್ಟಿನ ಮೇಲಿರುವ ಒಂದು ತೊಟ್ಟಿಯನ್ನು ಸೇರುತ್ತವೆ. ಹಸುವಿನಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಹಾಲು ಮಾತ್ರ ಈ ತೊಟ್ಟಿಯಲ್ಲಿರುತ್ತದೆ. ಎಮ್ಮೆಯಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ಉಳಿದದ್ದೆಲ್ಲ ಗುಳ್ಳೆಗಳಲ್ಲೂ ಸಣ್ಣ ಕಾಲುವೆಗಳಲ್ಲೂ ನಿಂತಿರುತ್ತದೆ. ಕರುವನ್ನು ಬಿಡದೆ ಕರೆದಾಗ ಸಿಕ್ಕುವುದು ಆ ತೊಟ್ಟಿಯ ಹಾಲು. ಗುಳ್ಳೆಗಳ ಹಾಲನ್ನು ಎಷ್ಟು ಬಲವಾದ ಕೈಯೂ ಹಿಂಡಲಾರದು.

ಅದನ್ನು ಹಿಂಡುವ ಕೈಗಳು ಒಳಗೇ ಇವೆ. ಪ್ರತಿಯೊಂದು ಗುಳ್ಳೆಯ ಸುತ್ತಲೂ ಬುಟ್ಟಿ ಹೆಣೆದಂತೆ ಕೆಲವು ಜೀವಕೋಶಗಳಿವೆ. ಸ್ನಾಯುವಿನಂತೆ ಕುಗ್ಗುವ ಶಕ್ತಿ ಅವಕ್ಕುಂಟು. ಕರು ಮೊಲೆಗೆ ಬಾಯಿ ಹಾಕಿದಾಗ ಆ ಸ್ಪರ್ಶದ ಸುದ್ದಿ ನರಗಳ ಮೂಲಕ ಬೆನ್ನುಹುರಿಯನ್ನು ಹತ್ತಿ ಮಿದುಳಿನ ಹೈಪೋಥಲಾಮಸ್ ಎಂಬ ಭಾಗವನ್ನು ಮುಟ್ಟುತ್ತದೆ. ಅಲ್ಲಿನ ನರಕೋಶಗಳು ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ತಯಾರಿಸಿ ಪಿಟ್ಯುಟರಿಯ ಹಿಂಭಾಗದಲ್ಲಿ ಶೇಖರಿಸಿ ಇಟ್ಟಿರುತ್ತವೆ. ಸುದ್ದಿ ಬಂದೊಡನೆ ಅದು ರಕ್ತಕ್ಕೆ ಇಳಿಯುತ್ತದೆ. ಒಂದು ನಿಮಿಷದೊಳಗಾಗಿ ಕೆಚ್ಚಲನ್ನು ತಲುಪಿ, ಬುಟ್ಟಿಯಂತಹ ಆ ಜೀವಕೋಶಗಳಿಗೆ ಅಪ್ಪಣೆ ಕೊಡುತ್ತದೆ. ಅವು ಕುಗ್ಗುತ್ತವೆ, ಗುಳ್ಳೆ ಹಿಂಡಿದಂತಾಗುತ್ತದೆ, ಹಾಲು ಇಳಿಯುತ್ತದೆ. ಹೋಗುವಾಗ ನರದ ದಾರಿ, ಬರುವಾಗ ರಕ್ತದ ದಾರಿ. ಆಕ್ಸಿಟೋಸಿನ್‌ನ ಆಯುಷ್ಯ ಕೆಲವೇ ನಿಮಿಷ. ಕೂತವರು ಮಾತನಾಡುತ್ತ ಹೊತ್ತು ಕಳೆಯದೆ ಐದಾರು ನಿಮಿಷಗಳಲ್ಲಿ ಕರೆದು ಮುಗಿಸಬೇಕೆಂದು ಹಿರಿಯರು ಹೇಳುವುದಕ್ಕೆ ಇದೇ ಕಾರಣ.

ಇದು ಬರಿಯ ಊಹೆಯಲ್ಲ. ಅಮೆರಿಕದಲ್ಲಿ ಈಲೀ ಮತ್ತು ಪೀಟರ್ಸನ್ ಎಂಬುವರು ೧೯೪೧ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬಹು ಸ್ವಾರಸ್ಯವಾಗಿವೆ. ಅವರು ಹಸುವಿನ ಕೆಚ್ಚಲಿನ ಅರ್ಧ ಭಾಗದ ನರಗಳನ್ನು ಕತ್ತರಿಸಿದರು. ಹಾಲಿಳಿಸುವುದು ನರದ ಅಪ್ಪಣೆಯೇ ಆಗಿದ್ದರೆ ಆ ಅರ್ಧದಲ್ಲಿ ಹಾಲು ನಿಲ್ಲಬೇಕಾಗಿತ್ತು. ಆದರೆ ಎರಡೂ ಅರ್ಧಗಳು ಒಂದೇ ರೀತಿ ಹಾಲಿಳಿಸಿದವು. ಅಂದಮೇಲೆ ಅಪ್ಪಣೆ ರಕ್ತದಲ್ಲಿ ಬಂದಿತ್ತೆಂದಾಯಿತು. ಇನ್ನೊಂದು ಪ್ರಯೋಗದಲ್ಲಿ ಹಸುವಿನ ಬೆನ್ನ ಮೇಲೆ ಬೆಕ್ಕನ್ನು ಬಿಟ್ಟು, ಕಾಗದದ ಚೀಲಗಳನ್ನು ಊದಿ ಒಡೆದು ಅದನ್ನು ಬೆಚ್ಚಿಬೀಳಿಸಿದರು. ಹಾಲು ನಿಂತುಹೋಯಿತು. ಅಡ್ರಿನಲಿನ್ ಚುಚ್ಚಿದಾಗಲೂ ಹಾಗೆಯೇ ಆಯಿತು. ಭಯದ ಹಾರ್ಮೋನು ವಾತ್ಸಲ್ಯದ ಹಾರ್ಮೋನಿಗೆ ಅಡ್ಡ ನಿಲ್ಲುತ್ತದೆ. ಹಸುವಿನ ಮುಂದೆ ಕೂಗಾಡಬೇಡಿ, ಹೊಸಬರು ಕರೆಯಬೇಡಿ ಎಂದು ನಮ್ಮ ಹೆಂಗಸರು ಹೇಳುತ್ತಿದ್ದದ್ದು ಮೂಢನಂಬಿಕೆಯಲ್ಲ. ಪ್ರಯೋಗಶಾಲೆ ಆಮೇಲೆ ಒಪ್ಪಿಕೊಂಡ ಶಾಸ್ತ್ರ.

ಕರುವೇ ಇಲ್ಲದಿದ್ದರೆ? ಮೂರು ವರ್ಷಗಳ ಕೆಳಗೆ ನಮ್ಮ ಮನೆಯ ಹಸುವಿನ ಕರು ಹುಟ್ಟಿದ ಹದಿನೈದನೆಯ ದಿನ ಸತ್ತಿತು. ಹಸು ಅರಚುತ್ತಾ ನಿಂತಿತು. ಕೈ ಹಾಕಿದರೆ ಒದೆಯಿತು. ಹಾಲು ಕೊಳ್ಳುವವರೊಬ್ಬರು ಬಂದು, "ಒಂದು ಸೂಜಿ ಹಾಕ್ಬಿಡಿ ಅಜ್ಜಿ, ಗಳಿಗೇಲಿ ಹಾಲು ಬಿಡ್ತದೆ" ಎಂದರು. ಅಜ್ಜಿ ಒಪ್ಪಲಿಲ್ಲ. "ಮಗು ಕಳ್ಕೊಂಡದೆ ಕಣಪ್ಪ, ಅದಕ್ಕೂ ನಾಕು ದಿನ ಬೇಕು" ಎಂದಳು. ದಿನವೂ ಅದೇ ಹೊತ್ತಿಗೆ ಹಿಂಡಿ ಕಲಸಿದ ಬಕೀಟನ್ನು ಮುಂದಿಟ್ಟು, ಬೆಚ್ಚನೆಯ ನೀರಿನಿಂದ ಕೆಚ್ಚಲನ್ನು ತೊಳೆದು, ಹಸುವಿನ ಹೆಸರು ಹಿಡಿದು ಮಾತನಾಡಿಸುತ್ತಾ ಮೊಲೆಗಳನ್ನು ನೀವುತ್ತಿದ್ದಳು. ಆರನೆಯ ದಿನ ಹಸು ಹಾಲಿಳಿಸಿತು. ಹಿಂಡಿಯ ವಾಸನೆ, ಬಕೀಟಿನ ಸದ್ದು, ಪರಿಚಯದ ಕೈ, ಇವುಗಳಿಗೆ ಮಿದುಳು ಹೊಂದಿಕೊಂಡರೆ ಕರುವಿನ ಸ್ಪರ್ಶಕ್ಕೆ ಬಿಡುವಂತೆಯೇ ಆಕ್ಸಿಟೋಸಿನ್ ಅನ್ನು ಬಿಡುತ್ತದೆ. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದಿಡುವ ಹಳೆಯ ಪದ್ಧತಿಯ ಗುಟ್ಟೂ ಇಷ್ಟೇ. ಮನುಷ್ಯರಲ್ಲೂ ಇದೇ ರೀತಿ. ತೊಟ್ಟಿಲಲ್ಲಿ ಮಗು ಅತ್ತ ಸದ್ದು ಕೇಳಿದರೆ ಅಡಿಗೆಮನೆಯಲ್ಲಿರುವ ತಾಯಿಯ ಎದೆಹಾಲು ಜಿನುಗುವುದುಂಟು.

ಆಕ್ಸಿಟೋಸಿನ್‌ಗೆ ಇನ್ನೊಂದು ಕೆಲಸವೂ ಉಂಟು. ಅದರ ಹೆಸರು ಬಂದದ್ದೇ ಆ ಕೆಲಸದಿಂದ. ಗ್ರೀಕಿನಲ್ಲಿ ಆ ಹೆಸರಿಗೆ "ಶೀಘ್ರ ಪ್ರಸವ" ಎಂಬ ಅರ್ಥವಿದೆ. ಪಿಟ್ಯುಟರಿಯ ಹಿಂಭಾಗದ ಸಾರ ಗರ್ಭಕೋಶವನ್ನು ಕುಗ್ಗಿಸುತ್ತದೆಂಬುದನ್ನು ಹೆನ್ರಿ ಡೇಲ್ ೧೯೦೬ರಲ್ಲಿ ಕಂಡನು. ಅದೇ ಸಾರ ಮೇಕೆಯ ಹಾಲನ್ನು ಇಳಿಸುತ್ತದೆಂಬುದು ೧೯೧೦ರಲ್ಲಿ ತಿಳಿಯಿತು. ಒಂಬತ್ತು ಅಮೈನೋ ಆಮ್ಲಗಳ ಈ ಪುಟ್ಟ ಸರಪಣಿಯನ್ನು ೧೯೫೩ರಲ್ಲಿ ಡು ವಿನ್ಯೋ ಎಂಬ ಅಮೆರಿಕದ ವಿಜ್ಞಾನಿ ಪ್ರಯೋಗಶಾಲೆಯಲ್ಲಿ ಕಟ್ಟಿ ತೋರಿಸಿದನು. ೧೯೫೫ರಲ್ಲಿ ಆತನಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ಹೆರಿಗೆಯಲ್ಲಿ ಮೇಲೆ ಹೇಳಿದ ನೀರುಗಂಟಿಯ ನಿಯಮ ತಲೆಕೆಳಗಾಗುತ್ತದೆ. ಮಗುವಿನ ತಲೆ ಗರ್ಭಕೋಶದ ಬಾಯಿಯನ್ನು ಒತ್ತಿದಷ್ಟೂ ಆಕ್ಸಿಟೋಸಿನ್ ಹೆಚ್ಚುತ್ತದೆ. ಅದು ಹೆಚ್ಚಿದಷ್ಟೂ ನೋವು ಬಲವಾಗಿ ತಲೆ ಇನ್ನೂ ಒತ್ತುತ್ತದೆ. ಮಗು ಹೊರಬಂದ ಮೇಲೆಯೇ ಈ ಸುತ್ತು ಕಡಿಯುವುದು.

ಮಗು ಹುಟ್ಟಿದ ಮೇಲೆಯೂ ಗರ್ಭಕೋಶ ಕುಗ್ಗಿ ಗಟ್ಟಿಯಾಗಬೇಕು. ಮಾಸು ಕಳಚಿದ ಜಾಗದಲ್ಲಿ ತೆರೆದುಕೊಂಡ ರಕ್ತನಾಳಗಳನ್ನು ಹಿಸುಕಿ ಮುಚ್ಚುವುದು ಆ ಸ್ನಾಯುಗಳೇ. ಅವು ಸೋತರೆ ರಕ್ತ ನಿಲ್ಲದು. ಬಾಣಂತಿಯರ ಸಾವಿಗೆ ನಮ್ಮ ದೇಶದಲ್ಲಿ ಹೆರಿಗೆಯ ರಕ್ತಸ್ರಾವವೇ ಬಹುಕಾಲದಿಂದ ದೊಡ್ಡ ಕಾರಣವಾಗಿದೆ. ಆದುದರಿಂದ ಪ್ರತಿಯೊಂದು ಹೆರಿಗೆಯಲ್ಲೂ ಮಗು ಹುಟ್ಟಿದೊಡನೆ ತಾಯಿಗೆ ೧೦ ಯೂನಿಟ್ ಆಕ್ಸಿಟೋಸಿನ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ.

ನನ್ನ ಅಕ್ಕನ ಹೆರಿಗೆಯ ದಿನ ನಾವೆಲ್ಲ ಆಸ್ಪತ್ರೆಯಲ್ಲಿದ್ದೆವು. ಮಗು ಹುಟ್ಟಿ ಸ್ವಲ್ಪ ಹೊತ್ತಿಗೆ ರಕ್ತ ಹೆಚ್ಚಾಗಿ ಹೋಗುತ್ತಿದೆಯೆಂದು ಒಳಗೆ ಓಡಾಟ ನಡೆಯಿತು. ನರ್ಸಮ್ಮನೊಬ್ಬರು ತಂದ ಔಷಧದ ಹೆಸರನ್ನು ಕೇಳಿ ನಮ್ಮ ತಂದೆ ಬೆಚ್ಚಿದರು. "ಏನಮ್ಮಾ ಇದು, ಹಸೂಗೆ ಹಾಕೋ ಸೂಜಿ ಅಲ್ವಾ? ವಿಷ ಅಂತಾರಲ್ಲಾ?" ಎಂದು ಅಡ್ಡ ಬಂದರು. ಆಕೆ ನಿಲ್ಲದೆಯೇ, "ಹೆದರ್ಬೇಡಿ ಯಜಮಾನ್ರೇ, ನಿಮ್ಮ ಮಗಳ ಮೈಯಲ್ಲೇ ಇರೋದು ಇದು, ಸಾಲದೇ ಬಂದದೆ, ಅದಕ್ಕೇ ಕೊಡ್ತಿರೋದು" ಎಂದು ಒಳಗೆ ಹೋದರು. ರಕ್ತ ನಿಂತಿತು. ಅಕ್ಕ ಉಳಿದಳು. ನಮ್ಮ ತಂದೆಯ ಭಯವನ್ನು ನಗೆಯಾಡುವಂತಿಲ್ಲ. ಅವರು ಕೇಳಿದ್ದರಲ್ಲಿ ಅರ್ಧ ನಿಜವಿತ್ತು. ಉಳಿದರ್ಧ ಯಾರೂ ಅವರಿಗೆ ಹೇಳಿರಲಿಲ್ಲ. ಈ ಲೇಖನವನ್ನು ಬರೆಯಲು ಪ್ರೇರಣೆ ಆ ಉಳಿದರ್ಧವೇ.

ನಿಜವಾದ ಅರ್ಧ ಯಾವುದು? ಕರುವನ್ನು ಹಸಿವಿನಲ್ಲಿ ಬಿಟ್ಟು, ಅಥವಾ ಕರು ಸತ್ತ ಮೇಲೆ, ದಿನವೂ ಎರಡು ಹೊತ್ತು ಹಸುವಿಗೂ ಎಮ್ಮೆಗೂ ಆಕ್ಸಿಟೋಸಿನ್ ಚುಚ್ಚಿ ಹಾಲು ಹಿಂಡುವ ದುರಭ್ಯಾಸ ದೇಶದ ಅನೇಕ ಕಡೆ ಹಬ್ಬಿತು. ಇದಕ್ಕೆ ಹಿಂದಿನ ಕಾಲದ ಅಣ್ಣನೊಬ್ಬನಿದ್ದ. ಅವನ ಹೆಸರು "ಫೂಕಾ". ಹಸುವಿನ ಗರ್ಭದ್ವಾರಕ್ಕೆ ಕೊಳವೆಯಿಂದ ಗಾಳಿ ಊದಿ ಹಾಲಿಳಿಸುವ ಕ್ರೂರ ಕ್ರಮವದು. ಒಳಗಿನ ಭಾಗ ಹಿಗ್ಗಿದಾಗ ಹೆರಿಗೆಯಲ್ಲಿ ಆಗುವಂತೆ ಆಕ್ಸಿಟೋಸಿನ್ ಹೊರಬೀಳುತ್ತಿತ್ತು. ಊದುವವನಿಗೆ ಹಾರ್ಮೋನಿನ ಹೆಸರು ಗೊತ್ತಿರಲಿಲ್ಲ, ಫಲ ಗೊತ್ತಿತ್ತು. ದನಗಳಿಗೆ ಕೊಡುವ ಇಂಥ ಹಿಂಸೆಗಳ ವಿಷಯವನ್ನು ಓದಿದ್ದ ಗಾಂಧೀಜಿ ೧೯೧೨ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹಾಲನ್ನೇ ಬಿಟ್ಟರು. ಆದರೆ ಬಿಡುವುದಷ್ಟೇ ಪರಿಹಾರವೆಂದು ಅವರು ತಿಳಿಯಲಿಲ್ಲ. ೧೯೨೭ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿಗೆ ಬಂದಿದ್ದಾಗ, ೧೯೨೩ರಲ್ಲಿ ಇಲ್ಲಿ ಆರಂಭವಾಗಿದ್ದ ಪಶುಪಾಲನೆ ಮತ್ತು ಹೈನುಗಾರಿಕೆಯ ಸಂಸ್ಥೆಗೆ ಹೋಗಿ ವಿದ್ಯಾರ್ಥಿಯಂತೆ ಗೋಪಾಲನೆಯನ್ನು ಕಲಿತರು. ದಯೆಗೆ ತಿಳಿವಳಿಕೆಯೂ ಬೇಕೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ನಮ್ಮ ಊರಿಗೆ ಬೇರೊಂದಿಲ್ಲ.

ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ೧೯೬೦ರ ಕಾಯಿದೆಯ ೧೨ನೆಯ ಕಲಮು ಫೂಕಾ ಪದ್ಧತಿಯನ್ನು ಅಪರಾಧವೆಂದು ಸಾರಿತು. ಹಾಲು ಹೆಚ್ಚಿಸಲೆಂದು ಆರೋಗ್ಯಕ್ಕೆ ಹಾನಿಯಾಗುವಂತೆ ಚುಚ್ಚುವ ಮದ್ದನ್ನೂ ೧೯೮೨ರ ತಿದ್ದುಪಡಿ ಅದಕ್ಕೆ ಸೇರಿಸಿತು. ಆದರೂ ಕಳ್ಳದಾರಿಯ ಆಕ್ಸಿಟೋಸಿನ್ ನಿಲ್ಲಲಿಲ್ಲ. ಕೊನೆಗೆ ೨೦೧೮ರ ಏಪ್ರಿಲಿನಲ್ಲಿ ಕೇಂದ್ರ ಸರಕಾರವು ಖಾಸಗಿ ಕಂಪೆನಿಗಳು ದೇಶದೊಳಗಿನ ಬಳಕೆಗಾಗಿ ಅದನ್ನು ತಯಾರಿಸಕೂಡದೆಂದೂ, ಹೊರಗಿನಿಂದ ತರಿಸಕೂಡದೆಂದೂ ಅಪ್ಪಣೆ ಮಾಡಿತು. ಇಡೀ ದೇಶದ ಆಸ್ಪತ್ರೆಗಳಿಗೆ ಆಕ್ಸಿಟೋಸಿನ್ ಒದಗಿಸುವ ಹೊಣೆ ಒಂದೇ ಒಂದು ಸರಕಾರಿ ಉದ್ಯಮದ ಮೇಲೆ ಬಿದ್ದಿತು. ಅದು ನಮ್ಮ ಬೆಂಗಳೂರಿನದೇ: ೧೯೮೧ರಲ್ಲಿ ಸ್ಥಾಪಿತವಾಗಿ ಪೀಣ್ಯದಲ್ಲಿ ಕಾರ್ಖಾನೆ ನಡೆಸುತ್ತಿರುವ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್. ಮೊದಲು ಜುಲೈ ೧ ಎಂದಿದ್ದ ಗಡುವನ್ನು ಸೆಪ್ಟೆಂಬರ್ ೧ಕ್ಕೆ ಮುಂದೂಡಲಾಯಿತು. ಒಂದೇ ಕಡೆಯ ತಯಾರಿಕೆಯಲ್ಲಿ ತೊಡಕು ಬಂದರೆ ಹಳ್ಳಿಯ ಹೆರಿಗೆ ಕೋಣೆಯ ಗತಿಯೇನೆಂದು ಹಲವರು ಕೇಳಿದರು. ವಿಷಯ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ೨೦೧೮ರ ಡಿಸೆಂಬರ್ ೧೪ರಂದು ನ್ಯಾಯಾಲಯವು ಈ ನಿಷೇಧಕ್ಕೆ ವೈಜ್ಞಾನಿಕ ಆಧಾರ ಸಾಲದೆಂದು ಹೇಳಿ ಅದನ್ನು ರದ್ದು ಮಾಡಿತು. ಮೇಲ್ಮನವಿ ಸರ್ವೋಚ್ಚ ನ್ಯಾಯಾಲಯವನ್ನು ಸೇರಿ, ೨೦೧೯ರಲ್ಲಿ ಹೆಚ್ಚು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲ್ಪಟ್ಟಿತು.

ಕೊಟ್ಟಿಗೆಯ ಅನ್ಯಾಯವನ್ನು ತಡೆಯಹೋಗಿ ಹೆರಿಗೆ ಕೋಣೆಯ ದೀಪವನ್ನು ಆರಿಸಬಾರದು. ಹೆರಿಗೆ ಕೋಣೆಯ ನೆಪ ಹೇಳಿ ಕೊಟ್ಟಿಗೆಯ ಅನ್ಯಾಯವನ್ನು ಮುಚ್ಚಬಾರದು. ಹಾಗಾದರೆ ಗೆರೆಯನ್ನು ಎಳೆಯುವುದೆಲ್ಲಿ? ಹಾರ್ಮೋನಿನ ಸ್ವಭಾವವೇ ಅದನ್ನು ತೋರಿಸಿಕೊಡುತ್ತದೆ. ಹಾರ್ಮೋನು ಒಂದು ಅಪ್ಪಣೆ, ಅದು ಸಂಪತ್ತಲ್ಲ. ಹಾಲನ್ನು ಹುಟ್ಟಿಸುವ ಕೆಲಸ ಪ್ರೋಲ್ಯಾಕ್ಟಿನ್ ಮೊದಲಾದ ಬೇರೆ ಹಾರ್ಮೋನುಗಳದು, ಮೇವಿನದು, ನೀರಿನದು. ಆಕ್ಸಿಟೋಸಿನ್ ಇರುವ ಹಾಲನ್ನು ಕೆಳಗಿಳಿಸುತ್ತದೆ, ಅಷ್ಟೆ. ಸೂಜಿ ಹಾಕಿದಾಗ ಹೆಚ್ಚಾಗಿ ಬಂದಂತೆ ಕಾಣುವ ಹಾಲು ಬಹುಮಟ್ಟಿಗೆ ಕೆಚ್ಚಲಿನಲ್ಲಿ ಉಳಿಯುತ್ತಿದ್ದ ಹಾಲು, ಅಂದರೆ ಕರುವಿನ ಪಾಲು. ದಿನವೂ ಸೂಜಿಯ ಅಪ್ಪಣೆ ಕೇಳಿದ ಕೆಚ್ಚಲು ಕ್ರಮೇಣ ತನ್ನ ದೇಹದ ಅಪ್ಪಣೆಗೆ ಕಿವುಡಾಗುತ್ತದೆ. ಆಮೇಲೆ ಸೂಜಿ ಇಲ್ಲದೆ ಹಾಲಿಳಿಯುವುದು ಕಷ್ಟ. ಹೆರಿಗೆಯ ಸಮಯದಲ್ಲಿಯಾದರೋ ದೇಹ ಕೇಳುತ್ತಿರುವ, ಆದರೆ ಸಾಲದಾಗಿರುವ ಅಪ್ಪಣೆಯನ್ನು ವೈದ್ಯರು ಅಳತೆಯಿಂದ ಪೂರೈಸುತ್ತಾರೆ. ಈದ ಹಸು ಹಾಲಿಳಿಸದೆ ಕಷ್ಟಪಡುವಾಗ ಪಶುವೈದ್ಯರು ಒಮ್ಮೆ ಕೊಡುವುದೂ ಇದೇ ನ್ಯಾಯ. ಕೊರತೆಯನ್ನು ತುಂಬುವುದು ಚಿಕಿತ್ಸೆ. ಕರುವಿನ ಪಾಲನ್ನು ಕಸಿಯಲು ತಾಯಿಯ ದೇಹಕ್ಕೆ ಸುಳ್ಳು ಹೇಳುವುದು ಮೋಸ.

ಸೂಜಿ ಹಾಕಿದ ಹಸುವಿನ ಹಾಲನ್ನು ಕುಡಿದರೆ ಮಕ್ಕಳು ಬೇಗ ಮೈನೆರೆಯುತ್ತಾರೆಂಬ ಮಾತೂ ಊರಲ್ಲಿದೆ. ಆಕ್ಸಿಟೋಸಿನ್ ಮೈನೆರೆಸುವ ಹಾರ್ಮೋನಲ್ಲ. ಆ ಕೆಲಸದ ಹಾರ್ಮೋನುಗಳು ಬೇರೆ. ಅಲ್ಲದೆ ಅದು ಪ್ರೋಟೀನಿನ ಜಾತಿಯ ಪುಟ್ಟ ಸರಪಣಿಯಾದುದರಿಂದ ಹೊಟ್ಟೆಗೆ ಹೋದರೆ ಬೇಳೆಯಂತೆ ಜೀರ್ಣವಾಗಿಬಿಡುತ್ತದೆ. ಆದುದರಿಂದಲೇ ಬಾಣಂತಿಗೆ ಅದನ್ನು ಕುಡಿಸದೆ ಚುಚ್ಚುವುದು. ಸೂಜಿಯನ್ನು ವಿರೋಧಿಸಲು ಸುಳ್ಳು ಭಯ ಬೇಕಿಲ್ಲ; ಹಸುವಿಗೂ ಕರುವಿಗೂ ಆಗುವ ಅನ್ಯಾಯವೇ ಸಾಕಷ್ಟು ಕಾರಣ.

ಔಷಧವಾಗಿ ಬರುವ ಆಕ್ಸಿಟೋಸಿನ್ ಅನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಬಿಸಿಗೆ ಅದರ ಸತ್ತ್ವ ಇಳಿಯುತ್ತದೆ. ಆದರೆ ತಾಯಿಯ ಮೈಯಲ್ಲಿ ಅದನ್ನು ಎಚ್ಚರಿಸುವ ಉಪಾಯ ಎಲ್ಲ ಮನೆಗಳಲ್ಲೂ ಇದೆ. ಹುಟ್ಟಿದ ಮಗುವನ್ನು ಮೊದಲ ಗಂಟೆಯೊಳಗೇ ಎದೆಗೆ ಹಾಕಿದರೆ ಹಾಲೂ ಇಳಿಯುತ್ತದೆ, ಗರ್ಭಕೋಶ ಕುಗ್ಗುವುದಕ್ಕೂ ಸಹಾಯವಾಗುತ್ತದೆ. ಆಸ್ಪತ್ರೆಯ ಸೂಜಿಗೆ ಇದು ಬದಲಿಯಲ್ಲ, ಜೊತೆಗಾರ. ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ ಇಷ್ಟೇ: ನಮ್ಮ ನಮ್ಮ ಮನೆಗಳಲ್ಲಿ ಹೆರಿಗೆಯ ಮಾತು ಬಂದಾಗ ಈ ಔಷಧದ ಹೆಸರನ್ನೂ ಅದರ ಕೆಲಸವನ್ನೂ ಹಿರಿಯರಿಗೆ ಮುಂಚಿತವಾಗಿ ತಿಳಿಸಿಡೋಣ. ರಕ್ತ ಹರಿಯುತ್ತಿರುವ ಹೊತ್ತಿನಲ್ಲಿ ಬಾಗಿಲ ಬಳಿ ನಿಂತು ವಾದ ಮಾಡುವಷ್ಟು ಸಮಯ ಇರುವುದಿಲ್ಲ.